ಕತ್ತರಿಯಕ್ಕನ ಮುಕ್ಕಾಲು ಮಾತ್ರೆ

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳು ಹದಿನಾಲ್ಕು, ಬಟ್ಟೆ ಕತ್ತರಿಸುವ ಮೇಜು ಒಂದೇ. ಯಂತ್ರದ ಮುಂದೆ ಕೂರುವವರು ಬರುತ್ತಿದ್ದರು, ಜಗಳವಾಡಿಕೊಂಡು ಬಿಡುತ್ತಿದ್ದರು, ನಾಲ್ಕು ತಿಂಗಳಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಬಂದು ಕೂರುತ್ತಿದ್ದರು. ಮೇಜಿನ ಹಿಂದೆ ಮಾತ್ರ ಇಪ್ಪತ್ತಾರು ವರ್ಷದಿಂದ ಒಬ್ಬಳೇ, ಕತ್ತರಿಯಕ್ಕ. ಐವತ್ತೆರಡರ ಹೆಂಗಸು, ಕಡ್ಡಿಯಂಥ ಮೈ. ಮಾತು ಕಡಿಮೆ, ಆಡಿದರೆ ನಾಲಿಗೆಯೂ ಕತ್ತರಿಯೇ. ಹತ್ತು ಪದರ ಬಟ್ಟೆ ಹಾಸಿ, ಮೇಲೆ ಕಾಗದದ ಅಚ್ಚು ಇಟ್ಟು, ಗುಂಡುಸೂಜಿ ಚುಚ್ಚಿ ಕತ್ತರಿಸಿದಳೆಂದರೆ ಮೊದಲ ಪದರಕ್ಕೂ ಹತ್ತನೆಯದಕ್ಕೂ ಒಂದೆಳೆ ದಾರದಷ್ಟು ವ್ಯತ್ಯಾಸ ಬರುತ್ತಿರಲಿಲ್ಲ.

ಆ ಮೇಜಿಗೊಂದು ಕಟ್ಟುಪಾಡಿತ್ತು. ಅಚ್ಚೊಂದಕ್ಕೆ ಇಪ್ಪತ್ನಾಲ್ಕು ಗುಂಡುಸೂಜಿ. ಚುಚ್ಚುವಾಗ ಎಣಿಸಬೇಕು, ಕಿತ್ತು ಡಬ್ಬಿಗೆ ಹಾಕುವಾಗ ಇನ್ನೊಮ್ಮೆ ಎಣಿಸಬೇಕು. ತೊಡುವವರು ಮಕ್ಕಳಲ್ಲವೇ, ಕಾಲರಿನೊಳಗೆ ಒಂದು ಸೂಜಿ ಉಳಿದರೂ ಕುತ್ತಿಗೆಗೇ ಚುಚ್ಚುತ್ತದೆ. ಒಳ್ಳೆಯ ಕಟ್ಟುಪಾಡೇ, ಯಾರು ಬೇಡವೆನ್ನುತ್ತಾರೆ? ಆದರೆ ಹಾಳು ರೋಗ ಇಂಥ ಒಳ್ಳೆಯ ಅಭ್ಯಾಸದೊಳಗೇ ಹೊಕ್ಕು ಕೂತರೆ ಕಂಡುಹಿಡಿಯುವವರು ಯಾರು?

ಒಂದು ದಿನ ಎಣಿಕೆ ಇಪ್ಪತ್ಮೂರಕ್ಕೆ ನಿಂತಿತು. ಯಂತ್ರಗಳನ್ನೆಲ್ಲ ನಿಲ್ಲಿಸಿ ನೆಲ ಗುಡಿಸಿ, ಕತ್ತರಿಸಿದ ತುಂಡುಗಳನ್ನು ಕೊಡವಿ ಒಂದು ಗಂಟೆ ಹುಡುಕಿದ್ದಾಯಿತು. ಕೊನೆಗೆ ಸೂಜಿ ಇದ್ದದ್ದು ಅವಳದೇ ಬಟ್ಟೆಯ ತೋಳಿನ ಮಡಿಕೆಯಲ್ಲಿ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಮಾರನೆಯ ದಿನದಿಂದ ಸೂಜಿಗಳನ್ನು ಎರಡು ಸಲ ಎಣಿಸತೊಡಗಿದಳು. ಆಮೇಲೆ ನಾಲ್ಕು ಸಲ. ಆಮೇಲೆ ಕತ್ತರಿಸಿದ ಒಂದೊಂದು ತುಂಡನ್ನೂ ಅಂಗೈಯಿಂದ ಸವರಿ ನೋಡುವುದು, ಅಂಗೈಯ ಮೇಲೂ ನಂಬಿಕೆ ಸಾಲದೆ ಕೆನ್ನೆಗೆ ಒತ್ತಿ ನೋಡುವುದು. ಸೂಜಿ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಕೈ ಬಿಡುತ್ತಿರಲಿಲ್ಲ, ಅದೇ ಸಂಕಟ.

ಇನ್ನು ಗಂಡನ ಪಾಡು ಕೇಳಬೇಡಿ. ಅವನು ಗೋಡೆಗೆ ಬಣ್ಣ ಹೊಡೆಯುವವನು. ಏಣಿಯ ತುದಿಯಲ್ಲಿ ಒಂದು ಕೈಯಲ್ಲಿ ಕುಂಚ ಹಿಡಿದು ನಿಂತಾಗ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ಏನೇ?"

"ಇಪ್ಪತ್ನಾಲ್ಕೂ ಎಣಿಸಿದೀನಿ. ಸರಿ ಇದೆ ಅನ್ನಿ."

"ನಾನಿಲ್ಲಿ ಏಣಿ ಮೇಲಿದೀನಿ ಕಣೇ. ನಿನ್ನ ಸೂಜಿ ನನಗೆಲ್ಲಿ ಕಾಣತ್ತೆ?"

"ಕಾಣೋದು ಬೇಡ. ಸರಿ ಇದೆ ಅನ್ನಿ ಅಷ್ಟೇ."

"ಸರಿ ಇದೆ, ಸರಿ ಇದೆ, ಸರಿ ಇದೆ! ಸಾಕಾ? ಇನ್ನೊಂದು ಸಲ ಮಾಡಿದ್ರೆ ನಾನೇ ಮೇಲಿಂದ ಬೀಳ್ತೀನಿ ನೋಡು."

ದಿನಕ್ಕೆ ಇಂಥವು ಹದಿನೈದು ಕರೆ. ಪಾಪದ ಮನುಷ್ಯ, ಬೈದುಕೊಂಡಾದರೂ ಪ್ರತಿ ಸಲವೂ ಹೇಳುತ್ತಿದ್ದ.

ಇಷ್ಟೇ ಆಗಿದ್ದರೆ ಹೇಗೋ ಕಾಲ ತಳ್ಳಬಹುದಿತ್ತು. ಅಷ್ಟರಲ್ಲಿ ಮಗಳಿಗೆ ಮಗು ಹುಟ್ಟಿತು, ಹೆಣ್ಣು. ಗುಂಡಗಿತ್ತು, ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ತಾತ ಅದಕ್ಕೆ ಬುಗುರಿ ಎಂದು ಕರೆದ. ಕತ್ತರಿಯಕ್ಕ ಆಸ್ಪತ್ರೆಗೆ ಓಡಿದಳು, ತೊಟ್ಟಿಲ ಪಕ್ಕ ನಿಂತಳು, ಕಣ್ಣು ತುಂಬ ನೋಡಿದಳು. ಮಗಳು ಕೂಸನ್ನು ಎತ್ತಿ ಕೊಡಲು ಬಂದಾಗ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಬಟ್ಟೆಯಲ್ಲೆಲ್ಲೋ ಸೂಜಿ ಇದ್ದರೆ? ಎದೆಗೆ ಒತ್ತಿಕೊಂಡಾಗ ಕೂಸಿನ ಕಣ್ಣಿಗೆ ಚುಚ್ಚಿದರೆ? ಆ ದೃಶ್ಯ ನಿಜವಾಗಿ ನಡೆದಂತೆ ಕಣ್ಣ ಮುಂದೆ ಬಂತು.

"ನನಗೆ ನೆಗಡಿ, ಬೇಡಮ್ಮ" ಅಂದಳು.

ನೆಗಡಿ ಮೂರು ತಿಂಗಳಾದರೂ ವಾಸಿಯಾಗಲಿಲ್ಲ. ಭಾನುವಾರ ಬಂದರೆ ಮಗಳ ಮನೆಗೆ ಹೋಗುತ್ತಿದ್ದಳು, ಮೂಲೆಯ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಮಗಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದಿನವಳು, ದಿನವಿಡೀ ನೂರಾರು ಜನರ ಸುಳ್ಳು ಕೇಳಿ ಪಳಗಿದವಳು. ಒಂದು ದಿನ ತಡೆಯಲಾರದೆ ಬಾಯಿಬಿಟ್ಟಳು.

"ಅಮ್ಮಾ, ನೇರವಾಗಿ ಹೇಳು. ನನ್ನ ಮಗು ನಿನಗೆ ಯಾಕೆ ಬೇಡ?"

ಕತ್ತರಿಯಕ್ಕ ಅತ್ತಳು. ಮೊದಲ ಸಲ ಎಲ್ಲವನ್ನೂ ಹೇಳಿದಳು. ಮಗಳು ಕೇಳಿಸಿಕೊಂಡು, "ಇದು ಕಾಯಿಲೆ, ನಿನ್ನ ಬುದ್ಧಿ ಅಲ್ಲ. ನಾಳೇನೇ ಡಾಕ್ಟರ ಹತ್ರ ಹೋಗ್ತೀವಿ" ಅಂದಳು.

ಮನೋವೈದ್ಯರ ಕೋಣೆಯ ಹೊರಗೆ ನಲವತ್ತು ಜನ, ಕುರ್ಚಿ ಹನ್ನೆರಡು. ಮೂರು ಗಂಟೆ ಕಾಯಿಸಿ ಡಾಕ್ಟರಮ್ಮ ಆರು ನಿಮಿಷ ಮಾತಾಡಿದರು. ಒಳ್ಳೆಯ ಹೆಂಗಸೇ, ಆದರೆ ಗಡಿಯಾರ ಅವರ ಕುತ್ತಿಗೆಯ ಮೇಲೆ ಕೂತಿತ್ತು. ಇದನ್ನು ಗೀಳು ಕಾಯಿಲೆ ಅನ್ನುತ್ತಾರೆ ಎಂದರು. ಮಾತ್ರೆ ಇದೆ. ಖಿನ್ನತೆಗೆ ಕೊಡುವ ಮಾತ್ರೆಯೇ, ಆದರೆ ಗೀಳಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣ ಬೇಕು. ಫಲ ಕಾಣಲು ಹತ್ತು ಹನ್ನೆರಡು ವಾರವಾದರೂ ಹಿಡಿಯಬಹುದು. ಜೊತೆಗೆ ಒಂದು ಅಭ್ಯಾಸವನ್ನೂ ಕಲಿಯಬೇಕು: ಭಯ ಬಂದಾಗ ಎಣಿಸದೆ, ಕೇಳದೆ, ಸುಮ್ಮನೆ ತಡೆದುಕೊಳ್ಳುವುದು.

"ಪೂರ್ತಿ ಹೋಗತ್ತಾ?" ಎಂದು ಕತ್ತರಿಯಕ್ಕ ಕೇಳಿದಳು.

"ಹತ್ತು ಜನರಲ್ಲಿ ಐದಾರು ಜನಕ್ಕೆ ಚೆನ್ನಾಗಿ ತಗ್ಗತ್ತೆ. ಪೂರ್ತಿ ಹೋಗೋದು ಕಡಿಮೆ. ನೋಡೋಣ."

"ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ ಅಂತಾನೇ ಅಮ್ಮ." ಅಷ್ಟರಲ್ಲಿ ಮುಂದಿನವರ ಚೀಟಿ ಕೂಗಿಯಾಗಿತ್ತು. ಜೊತೆಗೆ ಬಂದಿದ್ದ ಗಂಡನ ಕಡೆ ತಿರುಗಿ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು: "ಸರಿ ಇದೆ ಅಂತ ಇನ್ಮೇಲೆ ನೀವು ಹೇಳ್ಬಾರದು. ಅದೂ ಕಾಯಿಲೆಗೆ ಉಣ್ಣಿಸಿದ ಹಾಗೇ."

ಮೊದಲ ಆರು ವಾರ ಏನು ಹೇಳಲಿ, ಉಪಕಾರ ಒಂದು ಹನಿ ಇಲ್ಲ, ಉಪದ್ರವ ಕೊಡ ತುಂಬ. ಬೆಳಗಾದರೆ ಹೊಟ್ಟೆ ತೊಳಸುತ್ತಿತ್ತು. ಮಧ್ಯಾಹ್ನ ದವಡೆ ಕಳಚುವಂಥ ಆಕಳಿಕೆ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಮೊದಮೊದಲು ಒಳಗಿನ ಕಳವಳ ಇನ್ನೂ ಜಾಸ್ತಿಯಾದಂತಿತ್ತು. ಫೋನು ಮಾಡಿದರೆ ಗಂಡ, "ಡಾಕ್ಟರು ಬೇಡ ಅಂದಿದಾರೆ, ಹೇಳಲ್ಲ" ಎಂದು ಇಟ್ಟುಬಿಡುತ್ತಿದ್ದ. ಸೂಜಿಗಳು ಎಲ್ಲಿದ್ದವೋ ಅಲ್ಲೇ ಇದ್ದವು.

"ದುಡ್ಡು ಕೊಟ್ಟು ವಾಂತಿ ತಂದ್ಕೊಂಡ ಹಾಗಾಯ್ತು" ಎಂದು ಕತ್ತರಿಯಕ್ಕ ಮಾತ್ರೆಯ ಪಟ್ಟಿಯನ್ನು ಗೋಡೆಗೆ ಎಸೆದಳು. ಮಗಳು ಎತ್ತಿ ತಂದು ಕೈಗಿಟ್ಟಳು. ಡಾಕ್ಟರಮ್ಮ ಪ್ರಮಾಣವನ್ನು ಹಂತ ಹಂತವಾಗಿ ಏರಿಸಿದರು. ಏರಿಸಿದಾಗಲೆಲ್ಲ ಹೊಟ್ಟೆ ಮತ್ತೆ ರಂಪ ಮಾಡಿ ಒಂದು ವಾರಕ್ಕೆ ತಣ್ಣಗಾಗುತ್ತಿತ್ತು.

ಹನ್ನೊಂದನೆಯ ವಾರ ಒಂದು ಸಂಗತಿ ನಡೆಯಿತು. ನಡೆದದ್ದು ಅವಳಿಗೇ ತಿಳಿಯಲಿಲ್ಲ. ಊಟದ ಗಂಟೆ ಬಾರಿಸಿದಾಗ ಮೇಜಿನ ಮೇಲೆ ಕತ್ತರಿಸಿ ಮುಗಿಸಿದ ಮೂರು ಕಟ್ಟು ಬಟ್ಟೆ ಕಂಡಿತು. ಸೂಜಿಗಳನ್ನು ಒಂದೊಂದೇ ಸಲ ಎಣಿಸಿ ಡಬ್ಬಿ ಮುಚ್ಚಿದ್ದಳು. ಭಯ ಸತ್ತಿರಲಿಲ್ಲ. ದೂರದ ಕೋಣೆಯಲ್ಲಿ ಯಾರೋ ಗೊಣಗಿದಂತೆ ಅದರಷ್ಟಕ್ಕೆ ಅದು ಇತ್ತು. ಎದ್ದು ಹೋಗಿ ಅದಕ್ಕೆ ಉತ್ತರ ಕೊಡಲೇಬೇಕೆಂಬ ಒತ್ತಾಯ ಮಾತ್ರ ಕಡಿಮೆಯಾಗಿತ್ತು. ಆ ಭಾನುವಾರ ಮಗಳ ಮನೆಯಲ್ಲಿ ಕುರ್ಚಿಯಿಂದೆದ್ದು, "ಕೊಡು ಇಲ್ಲಿ" ಎಂದು ಕೈ ಚಾಚಿದಳು.

ಬುಗುರಿಗೆ ಆಗ ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ಅಜ್ಜಿಯ ಮೂಗು ಹಿಡಿದು ಜಗ್ಗಿತು, ಜೊಲ್ಲಿನಿಂದ ಹೆಗಲು ನೆನೆಸಿತು. ಅದರ ತಲೆಯ ಬಿಸಿ ಅವಳ ಕುತ್ತಿಗೆಗೆ ತಾಗಿತು. ಇಷ್ಟು ದಿನ ತಾನು ಏನನ್ನು ಬಿಟ್ಟು ಕೂತಿದ್ದೆನೆಂದು ಅವಳಿಗೆ ಗೊತ್ತಾದದ್ದೇ ಆಗ. ಸಂತೋಷಕ್ಕೂ ಸಿಟ್ಟಿಗೂ ಒಟ್ಟಿಗೇ ಅಳು ಬಂತು. ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ಬುಗುರಿಯವೇ. ಕೂಸು ಅಜ್ಜಿಯ ದನಿ ಕೇಳಿದರೆ ತಾಯಿಯ ತೊಡೆ ಬಿಟ್ಟು ತೆವಳಿ ಬರುತ್ತಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಸಂತೋಷದಿಂದ ಬಾಯಿ ಮುಚ್ಚುತ್ತಿದ್ದೆ. ಆದರೆ ಮಾತ್ರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳತೊಡಗಿತ್ತು. ಕಡ್ಡಿಯಂಥ ಹೆಂಗಸಿಗೆ ಒಂಬತ್ತು ಕಿಲೋ ಏರಿತು. ಅಳತೆ ಟೇಪು ಕುತ್ತಿಗೆಯಲ್ಲೇ ನೇತಾಡುವವಳಿಗೆ ಸುಳ್ಳು ಹೇಳುವವರಾರು? ಪ್ರತಿ ವಾರ ತನ್ನ ಸೊಂಟ ತಾನೇ ಅಳೆದು, ತನ್ನ ಬಟ್ಟೆಯ ಹೊಲಿಗೆ ತಾನೇ ಬಿಚ್ಚಿ ಅಗಲ ಮಾಡಿಕೊಂಡಳು. ಗಂಡನ ಪಕ್ಕ ಮಲಗಿದರೆ ಇಬ್ಬರ ನಡುವೆ ಮೊದಲಿದ್ದ ಸೆಳೆತ ಯಾರೋ ಆರಿಸಿಟ್ಟ ದೀಪ. ಅದನ್ನು ಯಾವ ಡಾಕ್ಟರ ಮುಂದೆ ಹೇಳುವುದು, ನಲವತ್ತು ಜನ ಹೊರಗೆ ಕೂತಿರುವಾಗ? ಇದೆಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದಳು. ಸಹಿಸಲಾಗದ್ದು ಕೈನಡುಕ.

ಸಣ್ಣ ನಡುಕ. ಲೋಟ ಹಿಡಿದರೆ ನೀರು ಚೆಲ್ಲುತ್ತಿರಲಿಲ್ಲ, ಸಹಿ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹತ್ತು ಪದರ ಬಟ್ಟೆಯಲ್ಲಿ ಕಾಲರಿನ ತಿರುವು ತೆಗೆಯುವಾಗ ಅಂಚು ಇಲಿ ಕಚ್ಚಿದಂತೆ ಬರುತ್ತಿತ್ತು. ಕಾರ್ಖಾನೆಯ ಯಜಮಾನಿ ಎರಡು ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕಾ, ಇದು ನಿನ್ನ ಕೆಲಸಾನಾ?"

"ನನ್ನದೇ."

"ಮೊದಲು ನಿಧಾನ ಆಗಿತ್ತು, ಒಪ್ಪಿದ್ವಿ. ಈಗ ಬೇಗ ಆಗ್ತಿದೆ, ಆದ್ರೆ ಹೀಗಾಗ್ತಿದೆ. ಶಾಲೆ ಶುರುವಾಗೋಕೆ ಎರಡು ತಿಂಗಳಿದೆ. ಮೇಜಿಗೆ ಇನ್ನೊಬ್ಬರನ್ನ ನೋಡ್ಲಾ?"

ಎತ್ತು ಏರಿಗೆ, ಕೋಣ ನೀರಿಗೆ! ಮಾತ್ರೆ ತಿಂದರೆ ಕೂಸು ಸಿಗುತ್ತದೆ, ಕತ್ತರಿ ಹೋಗುತ್ತದೆ. ಬಿಟ್ಟರೆ ಕತ್ತರಿ ನಿಲ್ಲುತ್ತದೆ, ಕೂಸು ಹೋಗುತ್ತದೆ. ಇಪ್ಪತ್ತಾರು ವರ್ಷ ಒಂದು ಮೇಜಿನ ಹಿಂದೆ ನಿಂತವಳಿಗೆ ಇದೆಂಥ ನ್ಯಾಯ ಎಂದು ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬಂದಳು.

ಆಗ ಅವಳು ಮಾಡಿದ ತಪ್ಪು ಕತ್ತರಿ ಹಿಡಿದವರು ಮಾತ್ರ ಮಾಡುವಂಥದ್ದು. ಬೇರೆಯವರಾದರೆ ಮಾತ್ರೆ ನಿಲ್ಲಿಸಿಬಿಡುತ್ತಿದ್ದರು, ಇಲ್ಲವೇ ಡಾಕ್ಟರ ಹತ್ತಿರ ಓಡುತ್ತಿದ್ದರು. ಅವಳು ಹಾಗಲ್ಲ. ಅಂಗಿ ದೊಗಳೆಯಾದರೆ ಅಂಗಿಯನ್ನು ಎಸೆಯುತ್ತೇವೆಯೇ? ಒಂದು ನೂಲಿನಷ್ಟು ಒಳಗೆ ಹಿಡಿದು ಹೊಲಿದು ತೊಟ್ಟು ನೋಡುತ್ತೇವೆ, ಇನ್ನೂ ದೊಗಳೆಯಿದ್ದರೆ ಇನ್ನೊಂದು ನೂಲು. ಮಾತ್ರೆಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಳು, ಒಳಗೆ ಇನ್ನೊಂದು ಗೆರೆ ಎಳೆದಳು, ಸಣ್ಣ ಕತ್ತರಿಯಿಂದ ಅಂಚು ತೆಗೆದಳು. ಮೊದಲ ವಾರ ತೆಗೆದದ್ದು ಎಂಟರಲ್ಲಿ ಒಂದು ಪಾಲು. ಮೂರನೆಯ ವಾರಕ್ಕೆ ಉಳಿದದ್ದು ಮುಕ್ಕಾಲು ಮಾತ್ರೆ. ತೆಗೆದ ಪುಡಿಯನ್ನು ಬಚ್ಚಲಿಗೆ ಸುರಿದು ನೀರು ಹಾಕಿದಳು. ಗಂಡನಿಗೂ ಹೇಳಲಿಲ್ಲ. ನಡುಕ ತಗ್ಗಿತು, ಅಂಚು ನೆಟ್ಟಗಾಯಿತು. ಭಯ ಬಂತೇ ಎಂದು ಒಳಗೆ ಕಿವಿಗೊಟ್ಟು ನೋಡಿದಳು, ಇಲ್ಲ.

"ಅಳತೆ ಸಿಕ್ಕಿತು" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಯಜಮಾನಿಯೂ ಹೊಗಳಿದಳು. ಹೊಗಳಿಕೆಯ ಧೈರ್ಯಕ್ಕೆ ಮುಕ್ಕಾಲು ಅರ್ಧವಾಯಿತು.

ಹಾಳಾದ್ದು, ಮಾತ್ರೆ ಬಟ್ಟೆಯಲ್ಲವಲ್ಲ! ಬಟ್ಟೆಯಾದರೆ ಬಿಗಿಯಾದ ಕೂಡಲೇ ಹೇಳುತ್ತದೆ. ಇದು ಏರುವಾಗ ಹೇಗೆ ವಾರಗಟ್ಟಲೆ ಕಾಯಿಸಿತೋ ಇಳಿಯುವಾಗಲೂ ಹಾಗೇ ವಾರಗಟ್ಟಲೆ ಸುಮ್ಮನಿತ್ತು. ಮತ್ತೆ ಎಣಿಕೆ ಎರಡಾಯಿತು, ನಾಲ್ಕಾಯಿತು. ಆಗಲೂ ಅವಳು ಯಾರಿಗೂ ಹೇಳಲಿಲ್ಲ. ಕೆಲಸದ ಒತ್ತಡ, ಶಾಲೆಗಳ ಕಾಲ ಮುಗಿದರೆ ಸರಿಹೋಗುತ್ತದೆ ಅಂದುಕೊಂಡಳು. ಭಾನುವಾರ ಬುಗುರಿಯನ್ನು ಎತ್ತಿಕೊಳ್ಳುವ ಮೊದಲು ಬಚ್ಚಲಿಗೆ ಹೋಗಿ ಬಟ್ಟೆ ಕೊಡವಿ ಬರತೊಡಗಿದಳು. ಮಗಳಿಗೆ ಅನುಮಾನ ಬರಲಿಲ್ಲ.

ಹೀಗಿರುವಾಗ ಮಗಳಿಗೆ ಹಲ್ಲುನೋವು. ಕೆಳದವಡೆಯ ಕೊನೆಯ ಹಲ್ಲು ಕೀಳಿಸಲೇಬೇಕಾಯಿತು. ಅಳಿಯ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ. ಮಗಳು ಹನ್ನೊಂದು ತಿಂಗಳ ಬುಗುರಿಯನ್ನು ಮಧ್ಯಾಹ್ನ ತಂದು ಅಮ್ಮನ ಮನೆಯ ಮಂಚದ ಮೇಲೆ ಮಲಗಿಸಿ, ಸುತ್ತ ದಿಂಬು ಇಟ್ಟು, ಹಾಲಿನ ಸೀಸೆ ಪಕ್ಕದಲ್ಲಿಟ್ಟು, "ಎರಡು ಗಂಟೆ ಅಷ್ಟೇ ಅಮ್ಮ" ಎಂದಳು. ಕತ್ತರಿಯಕ್ಕ ಆಗಷ್ಟೇ ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಬೇಡವೆನ್ನಲು ನಾಲಿಗೆ ತುದಿಗೆ ಮಾತು ಬಂತು. ಬೇಡವೆಂದರೆ ಅರ್ಧ ಮಾತ್ರೆಯ ಗುಟ್ಟು ಹೊರಬೀಳುತ್ತದೆ. ಹೂಂ ಅಂದಳು. ಮಗಳು ಹೋದಳು.

ಕೂಸು ಹತ್ತು ನಿಮಿಷಕ್ಕೆ ಎದ್ದು ಅಳತೊಡಗಿತು. ಎತ್ತಿಕೊಳ್ಳಲು ಬಾಗಿದವಳಿಗೆ ತೋಳಿನಲ್ಲಿ ಏನೋ ಮಿಂಚಿದಂತಾಯಿತು. ಬಿಸಿಲೋ ಸೂಜಿಯೋ? ಬಚ್ಚಲಿಗೆ ಓಡಿ ಬಟ್ಟೆ ಬದಲಿಸಿ ಬಂದಳು. ಬದಲಿಸಿದ ಬಟ್ಟೆಯಲ್ಲಿದ್ದರೆ? ಮತ್ತೆ ಬದಲಿಸಿದಳು. ಕೈ ಸವರಿದಳು, ಕೂದಲು ಬಿಚ್ಚಿ ಕೊಡವಿದಳು. ಏಣಿ ಮೇಲಿನ ಗಂಡನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ಇತ್ತ ಕೂಸು ದಿಂಬಿಗೆ ಒರಗಿ ನಿಂತು, ಅಜ್ಜಿಯ ಕಡೆ ಎರಡೂ ಕೈ ಚಾಚಿ ಕೂಗುತ್ತಿತ್ತು. ಚಾಚಿದ ಕೈಯನ್ನು ನೋಡುತ್ತ ಅವಳು ಬಾಗಿಲ ಚೌಕಟ್ಟಿಗೆ ಅಂಟಿಕೊಂಡಳು. "ಬಂದೆ ಕಂದಾ, ಬಂದೆ, ಈಗ ಬಂದೆ" ಅನ್ನುತ್ತಿದ್ದಳು. ಬರಲಿಲ್ಲ. ಹತ್ತಿರ ಹೋದರೆ ಕೂಸನ್ನು ಕೊಂದುಬಿಡುತ್ತೇನೆ ಎಂದು ತಲೆಯೊಳಗೆ ಆ ಹಾಳು ದನಿ. ಹಾಲಿನ ಸೀಸೆಯನ್ನು ಪೊರಕೆಯ ಹಿಡಿಯಿಂದ ಕೂಸಿನತ್ತ ತಳ್ಳಿದಳು. ಅದು ಎತ್ತಿ ಎಸೆಯಿತು.

ಮಗಳು ಬಾಗಿಲು ತೆಗೆದಾಗ ಬುಗುರಿಯ ಗಂಟಲು ಕಟ್ಟಿ ದನಿ ಹೊರಡುತ್ತಿರಲಿಲ್ಲ. ಮುಖ ಊದಿ ಕೆಂಪಾಗಿತ್ತು, ಬಟ್ಟೆ ಒದ್ದೆ. ಕತ್ತರಿಯಕ್ಕ ಬಾಗಿಲ ಪಕ್ಕ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಮಗಳ ಬಾಯಿ ತುಂಬ ಹತ್ತಿ, ಹತ್ತಿಯ ತುಂಬ ರಕ್ತ. ಒಂದು ಮಾತೂ ಆಡುವಂತಿರಲಿಲ್ಲ. ಕೂಸನ್ನು ಎತ್ತಿ ಎದೆಗಪ್ಪಿಕೊಂಡು ಅಮ್ಮನ ಮುಖ ನೋಡಿದಳು, ಹೊರಟುಹೋದಳು. ನಾಲ್ಕು ಮಾತು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆಯೇ ಗಂಡನಿಗೆ ಎಲ್ಲವನ್ನೂ ಹೇಳಿದಳು, ಕತ್ತರಿಸಿದ ಮಾತ್ರೆಗಳನ್ನೂ ತೋರಿಸಿದಳು. ಅವನು ತಲೆಯ ಮೇಲೆ ಕೈ ಹೊತ್ತು ಕೂತ. "ಮಾತ್ರೆಗೂ ಅಚ್ಚು ತೆಗೆದ್ಯಲ್ಲೇ ಮಾರಾಯ್ತಿ" ಅಂದ. ನಗಬೇಕೋ ಅಳಬೇಕೋ ಅವನಿಗೇ ತಿಳಿಯಲಿಲ್ಲ.

ಡಾಕ್ಟರಮ್ಮ ಈ ಸಲ ಗಡಿಯಾರ ನೋಡಲಿಲ್ಲ.

"ನಡುಕ ಇದೆ ಅಂತ ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಎಂದಳು ಕತ್ತರಿಯಕ್ಕ. "ಹೊರಗೆ ನಲವತ್ತು ಜನ. ನನ್ನ ಕಾಲರಿನ ತಿರುವು ನಿಮಗೆಲ್ಲಿ ಅರ್ಥ ಆಗತ್ತೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದು ನನ್ನ ತಪ್ಪು. ಆದ್ರೆ ಕೇಳಿ. ಈ ಗುಂಪಲ್ಲಿ ಇನ್ನೂ ನಾಲ್ಕೈದು ಮಾತ್ರೆ ಇವೆ, ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗತ್ತೆ. ಹಳೇ ಮಾತ್ರೆ ಒಂದಿದೆ, ಗಟ್ಟಿ ಕೆಲಸದ್ದು, ಆದ್ರೆ ಬಾಯಿ ಒಣಗತ್ತೆ, ಮಲಬದ್ಧತೆ, ಹೃದಯದ ಪರೀಕ್ಷೆ ಮಾಡಿಸ್ಕೊಂಡು ಕೊಡ್ಬೇಕು. ನಡುಕಕ್ಕೇ ಬೇರೆ ಔಷಧಿನೂ ಇದೆ. ಕಡಿಮೆ ಮಾಡೋದೂ ಇದೆ, ಆದ್ರೆ ಆರಾಮಾಗಿ ಒಂದೆರಡು ವರ್ಷ ಆದ್ಮೇಲೆ, ನಾನು ನೋಡ್ತಾ ನೋಡ್ತಾ. ಎಲ್ಲಾದ್ರಲ್ಲೂ ಏನಾದ್ರೂ ಒಂದು ಕಿರಿಕಿರಿ ಇದ್ದೇ ಇರತ್ತೆ. ಯಾವ ಕಿರಿಕಿರಿ ಜೊತೆ ನೀವು ಬದುಕಬಲ್ಲಿರಿ ಅಂತ ನೀವು ಹೇಳ್ಬೇಕು."

"ನನ್ನ ಮೊಮ್ಮಗಳನ್ನ ಎತ್ತಿಕೊಳ್ಳೋಕಾದ್ರೆ ಸಾಕು. ಮಿಕ್ಕಿದ್ದು ಹಾಳಾಗಿ ಹೋಗ್ಲಿ" ಎಂದಳು.

ಮಿಕ್ಕಿದ್ದು ಹಾಗೇ ಹೋಯಿತು. ಮೊದಲಿನ ಮಾತ್ರೆಯನ್ನೇ ಮತ್ತೆ ಪೂರ್ತಿ ಪ್ರಮಾಣಕ್ಕೆ ಏರಿಸಿದರು. ಮತ್ತೆ ಅದೇ ತೊಳಸಾಟ, ಅದೇ ಆಕಳಿಕೆ, ಅವೇ ವಾರಗಳು. ನಡುಕದ ಔಷಧಿ ನಡುಕವನ್ನು ಅರ್ಧಕ್ಕೆ ಇಳಿಸಿತು, ಕಾಲರಿಗೆ ಆ ಅರ್ಧವೂ ಹೆಚ್ಚೇ. ಕತ್ತರಿಯನ್ನು ಯಜಮಾನಿಯ ಕೈಗೆ ತಾನೇ ಕೊಟ್ಟಳು. ಹೊಸಬಳೊಬ್ಬಳು ಕತ್ತರಿಸುತ್ತಾಳೆ, ಇವಳು ಅಚ್ಚು ಇಟ್ಟು ಸೂಜಿ ಚುಚ್ಚಿ ಕೊಡುತ್ತಾಳೆ, ಒಂದೇ ಸಲ ಎಣಿಸಿ. ಹೊಸಬಳ ಅಂಚು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಬಾಯಿ ಬಿಗಿಹಿಡಿದು ಮುಂದಿನ ಅಚ್ಚಿಗೆ ಸೂಜಿ ಚುಚ್ಚುತ್ತಾಳೆ. ವಾರಕ್ಕೊಂದು ದಿನ ಆಸ್ಪತ್ರೆಗೆ ಹೋಗಿ, ಬಟ್ಟೆಯ ತೋಳಿಗೆ ಬೇಕೆಂದೇ ಒಂದು ಗುಂಡುಸೂಜಿ ಸಿಕ್ಕಿಸಿಕೊಂಡು, ತೆಗೆಯದೆ, ಕೇಳದೆ, ಒಂದು ಗಂಟೆ ಬೆವರುತ್ತ ಕೂರುವುದನ್ನು ಕಲಿತಳು.

ಇಷ್ಟೂ ದಿನ ಮಗಳು ಬರಲಿಲ್ಲ. ಫೋನಿನಲ್ಲಿ ಮಾತು, ಅದೂ ಅಪ್ಪನ ಜೊತೆಗೇ ಹೆಚ್ಚು. ಹದಿಮೂರನೆಯ ವಾರ ಕತ್ತರಿಯಕ್ಕ ತಾನೇ ಕರೆದಳು. "ಪೂರ್ತಿ ಮಾತ್ರೆ ತಗೋತಿದೀನಿ. ಬೇಕಾದ್ರೆ ಅಪ್ಪನ್ನ ಕೇಳು. ಕರ್ಕೊಂಡು ಬಾ."

ಮಗಳು ಕರೆದುಕೊಂಡು ಬಂದಳು. ಬುಗುರಿ ನಡೆಯಲು ಕಲಿತಿದ್ದಳು, ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಕತ್ತರಿಯಕ್ಕ ಕೆಲಸದ ಬಟ್ಟೆಯಲ್ಲೇ ಇದ್ದಳು. ಕೊಡವಲಿಲ್ಲ, ಬದಲಿಸಲಿಲ್ಲ. ಒಳಗಿನ ದನಿ ಗೊಣಗಿತು. ಗೊಣಗಲಿ ಬಿಡು ಎಂದು ನೆಲದ ಮೇಲೆ ಕೂತು, ಸಣ್ಣಗೆ ನಡುಗುವ ಎರಡೂ ಕೈಗಳನ್ನು ಚಾಚಿದಳು.

"ಬಾ ಕಂದಾ."

ಬುಗುರಿ ಅಜ್ಜಿಯನ್ನು ನೋಡಿದಳು. ತುಟಿ ಅರಳಲಿಲ್ಲ, ಕೆಳಕ್ಕೆ ಬಾಗಿತು. ತಿರುಗಿ ತಾಯಿಯ ಕಾಲುಗಳ ನಡುವೆ ಮುಖ ಹುದುಗಿಸಿ, ಆ ದಿನದ ಹಾಗೆಯೇ ಗಂಟಲು ಹರಿಯುವಂತೆ ಅಳತೊಡಗಿದಳು. ಮಗಳು ಬಿಡಿಸಿ ಮುಂದಕ್ಕೆ ತಂದಳು, ಕೂಸು ಇನ್ನೂ ಜೋರಾಗಿ ಕಿರುಚಿತು. ತಾತ ಗೊಂಬೆ ತೋರಿಸಿದ. ಏನೂ ಆಗಲಿಲ್ಲ.

"ಅವಳಿಗೆ ನೆನಪಿರಲ್ಲ ಅಮ್ಮ, ಇಷ್ಟು ಚಿಕ್ಕವಳಿಗೆ" ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಕತ್ತರಿಯಕ್ಕನಿಗೆ ಅದನ್ನೇ ತಡೆಯಲಾಗಲಿಲ್ಲ.

"ನೆನಪಿದೆ. ಇರ್ಲಿ. ನಾನು ಅವಳ ಮುಂದೆ ಒಂದೂವರೆ ಗಂಟೆ ನಿಂತಿದ್ದೆ, ಎತ್ತಿಕೊಳ್ಳಲಿಲ್ಲ. ಅವಳೂ ನನ್ನನ್ನ ಕಾಯಿಸ್ಲಿ. ಬಲವಂತ ಮಾಡ್ಬೇಡ ಕಣೇ. ಹಾಗೇ ಕೂತಿರು, ನಾನೂ ಕೂತಿರ್ತೀನಿ."

ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ನೋವು ಬಂದಾಗ ತೊಡೆಯ ಮೇಲೆ ಇಳಿಸಿದಳು, ಅಂಗೈ ಮೇಲಕ್ಕೆ ಮಾಡಿ. ಬುಗುರಿ ಅತ್ತು ಅತ್ತು ತಾಯಿಯ ಹೆಗಲ ಮೇಲೆ ನಿದ್ದೆಹೋದಳು. ಮಗಳು ಹೊರಡುವಾಗ, ಬರುವ ಭಾನುವಾರವೂ ಕರೆತರುತ್ತೇನೆ ಅಂದಳು. ಕತ್ತರಿಯಕ್ಕ ತಲೆಯಾಡಿಸಿ, ನೆಲದಿಂದ ಏಳದೆ, ಬಾಗಿಲು ಮುಚ್ಚುವವರೆಗೂ ಅಲ್ಲೇ ಕೂತಿದ್ದಳು.